ಮರಳಿಸುವ ಗುಂಡಿ: ಆಟದ ವಿಮಾನ ಮತ್ತು ಹೊಣೆಯ ಪ್ರಶ್ನೆ

ಕಳೆದ ದಸರೆಯ ರಜೆಗೆ ನಮ್ಮ ತಮ್ಮನ ಮೊಮ್ಮಗ ಬೆಂಗಳೂರಿನಿಂದ ರಾಯದುರ್ಗಕ್ಕೆ ಬಂದಿದ್ದ. ಹತ್ತನೆಯ ತರಗತಿಯ ಹುಡುಗ. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಹೋಗಲಾರದೆ ಪಡಸಾಲೆಯಲ್ಲಿ ಕುಳಿತು ಲ್ಯಾಪ್‌ಟಾಪಿನ ಪರದೆಯ ಮೇಲೆ ವಿಮಾನವೊಂದನ್ನು ಕಟ್ಟುತ್ತಿದ್ದ. ರೆಕ್ಕೆ ಜೋಡಿಸಿದ, ಇಂಧನದ ಟ್ಯಾಂಕುಗಳನ್ನು ಸಾಲಾಗಿ ಇಟ್ಟ, ಹಿಂಬದಿಗೆ ಎರಡು ಇಂಜಿನು ಸಿಕ್ಕಿಸಿದ, ಮುಂದೆ ಹಸಿರು ಮೈಬಣ್ಣದ, ಅಗಲ ಕಣ್ಣುಗಳ ಒಂದು ಪುಟ್ಟ ಜೀವಿಯನ್ನು ಕೂರಿಸಿದ. ವಿಮಾನ ರನ್‌ವೇಯ ಉದ್ದಕ್ಕೂ ಓಡಿತು. ಆದರೆ ಮೂಗು ಮೇಲೇಳಲಿಲ್ಲ. ದಾರಿ ಮುಗಿದು ಸಮುದ್ರದ ಕಡೆಯ ಇಳಿಜಾರಿಗೆ ಜಾರಿ ಸಿಡಿದುಹೋಯಿತು. ಪರದೆಯ ಮೂಲೆಯ ಚಿಕ್ಕ ಚೌಕದಲ್ಲಿ ಕಾಣುತ್ತಿದ್ದ ಆ ಜೀವಿಯ ಮುಖ ಅಳಿಸಿಹೋಯಿತು. ಹುಡುಗ ನಕ್ಕ.

"ಒಳಗಿದ್ದವನ ಗತಿ ಏನಪ್ಪಾ?" ಎಂದು ಕೇಳಿದೆವು.

"ಅವನಿಗೇನೂ ಆಗಲ್ಲ ದೊಡ್ಡತಾತ, ಹಿಂದಕ್ಕೆ ತಗೊಂಡ್ರೆ ಆಯ್ತು" ಎಂದು ಹೇಳಿ ಒಂದು ಗುಂಡಿ ಒತ್ತಿದ. ವಿಮಾನ ಮೊದಲಿನಂತೆ ರನ್‌ವೇಯ ತಲೆಯಲ್ಲಿ ನಿಂತಿತ್ತು. ಜೀವಿ ಹಲ್ಲುಕಿರಿಯುತ್ತಿತ್ತು.

ಹುಡುಗನಿಗೆ ಆ ಮಾತು ಅಲ್ಲಿಗೇ ಮುಗಿಯಿತು, ನಮಗೆ ಮುಗಿಯಲಿಲ್ಲ. ತಪ್ಪಿಗೆ ಬೆಲೆ ತೆರಬೇಕಿಲ್ಲದ ಲೋಕದಲ್ಲಿ ಆಡಿ ಬೆಳೆದ ಮನಸ್ಸಿಗೆ ಹೊಣೆಯರಿವು ಎಲ್ಲಿಂದ ಬಂದೀತು? ಅಥವಾ, ಬೆಲೆ ತೆರಬೇಕಿಲ್ಲದ ಕಡೆಯಲ್ಲೇ ಮನುಷ್ಯನು ತನ್ನ ತಪ್ಪನ್ನು ಹೆದರಿಕೆಯಿಲ್ಲದೆ ದಿಟ್ಟಿಸಿ ನೋಡಬಲ್ಲನೇ? ಈ ಎರಡನ್ನೂ ತೂಗಿ ನೋಡುವುದು ಈ ಬರಹದ ಉದ್ದೇಶ.

ಆ ಆಟದ ಹೆಸರು ಕೆರ್ಬಲ್ ಸ್ಪೇಸ್ ಪ್ರೋಗ್ರಾಂ. ಮೆಕ್ಸಿಕೋ ನಗರದ ಸ್ಕ್ವಾಡ್ ಎಂಬ ಸಂಸ್ಥೆಯಲ್ಲಿ ಫೆಲಿಪೆ ಫಲಾಂಗೆ ಎಂಬವರು ಅದನ್ನು ರೂಪಿಸಿದರು. 2011ರ ಜೂನಿನಲ್ಲಿ ಅದರ ಮೊದಲ ರೂಪ ಹೊರಬಂದಿತು. 2015ರ ಏಪ್ರಿಲಿನಲ್ಲಿ ಪೂರ್ಣರೂಪ. ಕೆರ್ಬಿನ್ ಎಂಬ ಕಲ್ಪಿತ ಗ್ರಹ, ಅಲ್ಲಿ ವಾಸಿಸುವ ಕೆರ್ಬಲ್ ಎಂಬ ಪುಟ್ಟ ಜೀವಿಗಳು, ಅವರಿಗೊಂದು ಅಂತರಿಕ್ಷ ಕೇಂದ್ರ: ಇಷ್ಟು ಕಲ್ಪನೆ. ಉಳಿದುದೆಲ್ಲ ಬಹುಮಟ್ಟಿಗೆ ಭೌತವಿಜ್ಞಾನ. ಕೆರ್ಬಿನ್‌ನ ತ್ರಿಜ್ಯ 600 ಕಿ.ಮೀ.; ನಮ್ಮ ಭೂಮಿಯದರ ಹತ್ತನೆಯ ಒಂದು ಪಾಲಿಗೂ ತುಸು ಕಡಿಮೆ. ಆದರೂ ನೆಲದ ಮೇಲಿನ ಗುರುತ್ವ ಭೂಮಿಯದಷ್ಟೇ ಇರುವಂತೆ ಮಾಡಿದ್ದಾರೆ. ಗಾಳಿಯ ಹೊದಿಕೆ 70 ಕಿ.ಮೀ. ಎತ್ತರಕ್ಕೆ ಮುಗಿಯುತ್ತದೆ. ಅದರಾಚೆಗೆ ಹೋಗಿ ಬೀಳದೆ ಸುತ್ತುತ್ತಿರಬೇಕಾದರೆ ಸೆಕೆಂಡಿಗೆ ಸುಮಾರು 2.3 ಕಿ.ಮೀ. ವೇಗ ಬೇಕು, ನಿಜವಾದ ಭೂಮಿಯಲ್ಲಾದರೆ ಸುಮಾರು 7.8 ಕಿ.ಮೀ. ಬೇಕಾಗುತ್ತದೆ.

ಈ ಆಟದಲ್ಲಿ ರಾಕೆಟ್ಟು ಹಾರಿಸುವುದಕ್ಕಿಂತ ವಿಮಾನ ಹಾರಿಸುವುದು ಕಷ್ಟವೆಂದು ಹುಡುಗ ವಿವರಿಸಿದ. ವಿಮಾನ ಕಟ್ಟುವ ಕೊಠಡಿಯಲ್ಲಿ ಬೇಕೆಂದಾಗ ಎರಡು ಗೋಲಗಳು ಕಾಣುವಂತೆ ಮಾಡಿಕೊಳ್ಳಬಹುದು. ಹಳದಿಯದು ತೂಕದ ನಡು, ನೀಲಿಯದು ರೆಕ್ಕೆಗಳು ಎತ್ತುವ ಬಲದ ನಡು. ನೀಲಿ ಗೋಲ ಹಳದಿಗಿಂತ ತುಸು ಹಿಂದಿರಬೇಕು. ಮುಂದಾದರೆ ವಿಮಾನ ಗಾಳಿಯಲ್ಲಿ ಲಾಗ ಹಾಕುತ್ತದೆ. ತೀರ ಹಿಂದಾದರೆ ಮೂಗೆತ್ತಲು ಒಲ್ಲದು. ಹಿಂದಿನ ಚಕ್ರಗಳು ತೂಕದ ನಡುವಿನಿಂದ ಬಹಳ ದೂರ ಹಿಂದಕ್ಕೆ ಸರಿದಿದ್ದರೂ ವಿಮಾನ ನೆಲ ಬಿಡುವುದಿಲ್ಲ. ಇವೆಲ್ಲ ಸರಿಹೋದ ಮೇಲೂ ಒಂದು ಸೂಕ್ಷ್ಮ ಉಳಿಯುತ್ತದೆ. ಮುಂಭಾಗದ ಟ್ಯಾಂಕುಗಳಲ್ಲಿ ಇಂಧನವಿದ್ದರೆ, ಅದು ಉರಿದು ತೀರಿದಂತೆ ತೂಕದ ನಡು ಇಂಜಿನುಗಳಿರುವ ಹಿಂಬದಿಗೆ ಸರಿಯುತ್ತದೆ. ಹೊರಡುವಾಗ ಸೊಗಸಾಗಿ ಹಾರಿದ ವಿಮಾನ ಮರಳುವಾಗ ಗಾಳಿಯ ಹೊದಿಕೆಯೊಳಗೆ ಬಂದೊಡನೆ ಮಗುಚಿಕೊಳ್ಳುತ್ತದೆ. ಇದನ್ನು ಮೊದಲೇ ಅರಿಯಬೇಕಾದರೆ ತುಂಬಿದ ವಿಮಾನದ ಲೆಕ್ಕದೊಡನೆ ಬರಿದಾದ ವಿಮಾನದ ಲೆಕ್ಕವನ್ನೂ ಹಾಕಬೇಕು.

ಮೊದಲು ಆಟದ ಪರವಾದ ಮಾತನ್ನು ಪೂರ್ತಿಯಾಗಿ ಕೇಳೋಣ. ಹಾರಾಟದ ಚರಿತ್ರೆಯೇ ಆ ಪಕ್ಷದ ದೊಡ್ಡ ಸಾಕ್ಷಿ. ಜರ್ಮನಿಯ ಒಟ್ಟೋ ಲಿಲಿಯೆಂಥಾಲ್ ಗುಡ್ಡದ ಮೇಲಿನಿಂದ ಜಿಗಿದು ತಾನೇ ಕಟ್ಟಿದ ರೆಕ್ಕೆಗಳಲ್ಲಿ ತೇಲುತ್ತ ಕಲಿತವನು. ಅವನ ಪ್ರಯೋಗಶಾಲೆ ಅವನ ಶರೀರವೇ ಆಗಿತ್ತು. 1896ರ ಆಗಸ್ಟಿನಲ್ಲಿ ಬಿದ್ದ, ಮರುದಿನ ತೀರಿಕೊಂಡ. ಆ ಸಾವಿನ ಸುದ್ದಿ ತಿಳಿದಿದ್ದ ಅಮೆರಿಕದ ರೈಟ್ ಸಹೋದರರು 1901ರಲ್ಲಿ ಬೇರೆ ದಾರಿ ಹಿಡಿದರು. ಮರದ ಪೆಟ್ಟಿಗೆಯೊಂದರೊಳಗೆ ಗಾಳಿ ಹರಿಯುವಂತೆ ಮಾಡಿ, ಚಿಕ್ಕ ಚಿಕ್ಕ ರೆಕ್ಕೆಯ ಮಾದರಿಗಳನ್ನು ಅದರಲ್ಲಿಟ್ಟು ಅಳೆದರು. ಸುಮಾರು ಇನ್ನೂರು ಆಕಾರಗಳು ಆ ಪೆಟ್ಟಿಗೆಯಲ್ಲಿ ಪರೀಕ್ಷೆಗೊಳಗಾದವು. ಅವುಗಳಲ್ಲಿ ಬಹುಪಾಲು ಕೆಲಸಕ್ಕೆ ಬಾರದವು. ಕೆಟ್ಟ ರೆಕ್ಕೆ ಯಾರ ಎಲುಬನ್ನೂ ಮುರಿಯದೆ ತನ್ನ ಕೆಡುಕನ್ನು ತೋರಿಸಿಕೊಟ್ಟಿತು. 1903ರ ಡಿಸೆಂಬರ್ 17ರ ಹಾರಾಟಕ್ಕೆ ಆ ಪೆಟ್ಟಿಗೆ ಒಂದು ಮೆಟ್ಟಿಲು. ಮುಂದೆ 1929ರಲ್ಲಿ ಎಡ್ವಿನ್ ಲಿಂಕ್ ಎಂಬವನು ನೆಲ ಬಿಡದೆಯೇ ಓಲಾಡುವ ತರಬೇತಿ ವಿಮಾನವನ್ನು ಮಾಡಿದ. ಮೋಡದಲ್ಲಿ ದಿಕ್ಕು ತಪ್ಪುವುದನ್ನು ಪೈಲಟ್ಟು ಕೊಠಡಿಯೊಳಗೆ ಕುಳಿತು ಅನುಭವಿಸಿ ತಿದ್ದಿಕೊಳ್ಳುವಂತಾಯಿತು.

ಕಲಿಕೆಯನ್ನು ಸಾವಿನಿಂದ ಬಿಡಿಸಿದ್ದು ಮನುಷ್ಯಕುಲದ ನೈತಿಕ ಸಾಧನೆಗಳಲ್ಲಿ ಒಂದೆಂದು ನಾವು ತಿಳಿಯುತ್ತೇವೆ. ಬಿದ್ದು ಕಲಿಯಲಿ ಎನ್ನುವ ಹಿರಿಯರ ಮಾತು ಅಂಗಳದಲ್ಲಿ ಸೈಕಲ್ಲು ಕಲಿಯುವವನಿಗೆ ಸಲ್ಲುತ್ತದೆ. ಬೀಳುವ ಎತ್ತರ ಹೆಚ್ಚಿದಾಗ ಅದೇ ಮಾತು ಕ್ರೂರವಾಗುತ್ತದೆ. ಆದ್ದರಿಂದ ಮರಳಿಸುವ ಗುಂಡಿಯನ್ನು ಕಂಡೊಡನೆ 'ಈಗಿನ ಮಕ್ಕಳಿಗೆ ಭಯವೇ ಇಲ್ಲ' ಎಂದು ಗೊಣಗುವುದು ಅವಿಚಾರ. ಭಯ ಮತ್ತು ಹೊಣೆ ಎರಡೂ ಒಂದೇ ಅಲ್ಲ.

ಇನ್ನು ಎದುರು ಪಕ್ಷ. ಆ ಮಧ್ಯಾಹ್ನ ಹುಡುಗ ಹತ್ತಾರು ಬಾರಿ ಅದೇ ವಿಮಾನವನ್ನು ಓಡಿಸಿದ. ಪ್ರತಿಸಲವೂ ಬಿದ್ದ ಮೇಲೆ ಅವನು ಮಾಡಿದ ತಿದ್ದುಪಡಿ ಒಂದೇ: ಇನ್ನೊಂದು ಇಂಜಿನು. ಎರಡು ಇದ್ದುದು ನಾಲ್ಕಾಯಿತು, ನಾಲ್ಕು ಆರಾಯಿತು. ಇಂಜಿನು ಹೆಚ್ಚಿದಂತೆ ಹಿಂಬದಿಯ ತೂಕವೂ ಹೆಚ್ಚಿತು. ಕಡೆಗೆ ವಿಮಾನ ಎದ್ದಿತು. ಎದ್ದೊಡನೆ ಅಂಗಾತ ಮಗುಚಿತು. ಮೊದಲ ತಪ್ಪು ಇದ್ದುದು ಚಕ್ರದಲ್ಲಿ. ಬೀಳುವುದಕ್ಕೂ ಗುಂಡಿ ಒತ್ತುವುದಕ್ಕೂ ನಡುವೆ ಅರೆನಿಮಿಷವೂ ಇರಲಿಲ್ಲವಾದ್ದರಿಂದ ಚಕ್ರದ ಕಡೆಗೆ ಅವನ ಕಣ್ಣು ಹೋಗಲೇ ಇಲ್ಲ.

ರೈಟ್ ಸಹೋದರರ ಪೆಟ್ಟಿಗೆಗೂ ಈ ಗುಂಡಿಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ಎರಡೂ ಕಡೆ ತಪ್ಪಿಗೆ ಪ್ರಾಣದ ಬೆಲೆಯಿಲ್ಲ. ಆದರೆ ಸಹೋದರರು ಪ್ರತಿ ಮಾದರಿಯ ಅಳತೆಯನ್ನೂ ಬರೆದಿಟ್ಟರು. ಕೆಟ್ಟುದು ಏಕೆ ಕೆಟ್ಟಿತೆಂಬುದು ಅವರ ಆಸ್ತಿಯಾಯಿತು. ಮರಳಿಸುವ ಗುಂಡಿ ಬಿದ್ದುದರ ಕುರುಹನ್ನೇ ಅಳಿಸುತ್ತದೆ. ದಂಡನೆಯನ್ನು ಅಳಿಸುವುದು ಉಪಕಾರ; ದಂಡನೆಯೊಡನೆ ಕಾರಣವೂ ಅಳಿಸಿಹೋಗುವಂತೆ ಬಿಟ್ಟುಕೊಂಡರೆ ಅದು ನಾವೇ ಮಾಡಿಕೊಂಡ ನಷ್ಟ.

ಕಾರಣ ಕೇಳದ ಈ ದೋಷ ಆಟಕ್ಕೇ ಮೀಸಲಾದುದೆಂದು ಭಾವಿಸಿದರೆ ಮತ್ತೆ ತಪ್ಪುತ್ತೇವೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಮೇಲೆದ್ದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಮಡಿದರು. ಬೂಸ್ಟರ್ ರಾಕೆಟ್ಟಿನ ಕೀಲುಗಳಲ್ಲಿದ್ದ ರಬ್ಬರಿನ ಬಳೆ ಚಳಿಗೆ ಬಿಗುವು ಕಳೆದುಕೊಂಡು ಬಿಸಿ ಅನಿಲಕ್ಕೆ ದಾರಿಯಾಯಿತು. ಹಿಂದಿನ ರಾತ್ರಿಯೇ ಕೆಲವು ಇಂಜಿನಿಯರುಗಳು ಇಂಥ ಚಳಿಯಲ್ಲಿ ಹಾರಿಸುವುದು ಬೇಡವೆಂದು ವಾದಿಸಿದ್ದರು. ಅದಕ್ಕೂ ಹಿಂದಿನ ಹಲವು ಹಾರಾಟಗಳಲ್ಲಿ ಆ ಬಳೆಗಳು ಸುಟ್ಟು ಸವೆದುದು ಕಂಡಿತ್ತು. ಆದರೆ ನೌಕೆಗಳು ಕ್ಷೇಮವಾಗಿ ಮರಳಿದ್ದವು. ಮರಳಿ ಬಂದುದನ್ನೇ ಕ್ಷೇಮದ ಪ್ರಮಾಣವೆಂದು ತಿಳಿಯುವುದರ ಅಪಾಯವನ್ನು ತನಿಖೆಯ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ನಿಷ್ಠುರವಾಗಿ ಎತ್ತಿ ತೋರಿಸಿದರು. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಮಂದಿಯಿದ್ದ ಕೊಲಂಬಿಯಾ ನೌಕೆ ಒಡೆದಾಗಲೂ ಕಥೆ ಬಹುಮಟ್ಟಿಗೆ ಅದೇ. ಹೊರಟಿಯ ತುಂಡುಗಳು ಕಳಚಿ ಬಡಿಯುವುದು ಹಿಂದೆಯೂ ನಡೆದಿತ್ತು, ಏನೂ ಆಗಿರಲಿಲ್ಲ. ಆದ್ದರಿಂದ ಅದು ವಾಡಿಕೆಯ ಸಂಗತಿಯಾಗಿಬಿಟ್ಟಿತ್ತು. ಗುಂಡಿ ಇಲ್ಲದ ನಿಜಲೋಕವೂ ಹೀಗೆ ಒಮ್ಮೊಮ್ಮೆ ಹೇಳದೆ ಕೇಳದೆ ಕ್ಷಮಿಸುತ್ತದೆ. ಆ ಕ್ಷಮೆಯನ್ನು ನಮ್ಮ ಜಾಣತನವೆಂದು ಎಣಿಸಿಕೊಂಡ ದಿನ ಹೊಣೆಗೇಡಿತನ ಮೊದಲಾಗುತ್ತದೆ.

ಆಟಕ್ಕೂ ಬಾಳಿಗೂ ಇನ್ನೊಂದು ವ್ಯತ್ಯಾಸವಿದೆ. ನಮ್ಮ ಮಟ್ಟಿಗೆ ಅದೇ ಹೆಚ್ಚು ಗಂಭೀರವಾದುದು. ಆಟದಲ್ಲಿ ವಿಮಾನ ಕಟ್ಟುವವನೂ ಹಾರಿಸುವವನೂ ಒಬ್ಬನೇ. ಬಾಳಿನಲ್ಲಿ ತೀರ್ಮಾನಿಸುವವನು ಒಬ್ಬ, ಒಳಗೆ ಕೂರುವವನು ಇನ್ನೊಬ್ಬ. ಬೆಂಗಳೂರಿನಲ್ಲಿ ಸುರಂಜನ್ ದಾಸ್ ರಸ್ತೆಯೆಂಬುದಿದೆ. ಭಾರತದಲ್ಲೇ ರೂಪುಗೊಂಡ ಜೆಟ್ ಯುದ್ಧವಿಮಾನ ಮಾರುತ್ 1961ರ ಜೂನ್ 17ರಂದು ಮೊದಲು ಹಾರಿದಾಗ ಅದನ್ನು ನಡೆಸಿದವರು ಆ ಸುರಂಜನ್ ದಾಸ್. 1970ರ ಜನವರಿ 10ರಂದು ಅದೇ ವಿಮಾನದ ಸುಧಾರಿತ ಮಾದರಿಯೊಂದನ್ನು ಪರೀಕ್ಷಿಸುವಾಗ ಅವರು ಬಿದ್ದು ತೀರಿಕೊಂಡರು. ವಿಮಾನವನ್ನು ಕಾಗದದ ಮೇಲೆ ಬರೆಯುವವರ ಕೈಗೆ, ಒಳಗೆ ಕೂರುವವರ ನೆನಪು ಭಾರವಾಗಿ ತಗುಲಿರಬೇಕು. ಆ ಭಾರವೇ ಹೊಣೆ.

ಈ ಮಾತನ್ನು ಪುಸ್ತಕದಿಂದ ಎತ್ತಿ ಹೇಳುತ್ತಿಲ್ಲ. ಮಳೆ ಅಪರೂಪವಾದ ಈ ಸೀಮೆಯಲ್ಲಿ ನಮಗೂ ತಮ್ಮನಿಗೂ ಕೂಡಿ ಎಂಟೆಕರೆ ಶೇಂಗಾ ಹೊಲವಿತ್ತು. ತೆರೆದ ಬಾವಿ ಬತ್ತಿದಾಗ ಕೊಳವೆಬಾವಿ ಹಾಕಿಸಿದೆವು. ಅಂಗೈಮೇಲೆ ತೆಂಗಿನಕಾಯಿ ನಿಲ್ಲಿಸಿ ಪಾಯಿಂಟು ತೋರಿಸುವವರು ತೋರಿಸಿದ ಕಡೆ ಕೊರೆಸಿದೆವು. ಮೊದಲನೆಯದು ಎರಡು ವರ್ಷ ನೀರು ಕೊಟ್ಟಿತು. ಅದು ನಿಂತಾಗ ಎರಡನೆಯದು, ಇನ್ನೂ ಆಳ. ಮೂರನೆಯದರಲ್ಲಿ ಧೂಳು ಬಂದಿತು. "ಅಣ್ಣಾ, ಇಲ್ಲಿಗೆ ಸಾಕು ಮಾಡೋಣ, ಹೊಲಕ್ಕೆ ಬೇರೆ ಬೆಳೆ ನೋಡೋಣ" ಎಂದು ತಮ್ಮ ಹೇಳಿದ. ಹಿರಿಯರೆಂಬ ಗತ್ತಿನಲ್ಲಿ ನಾಲ್ಕನೆಯದನ್ನೂ ಕೊರೆಸಿದೆವು. ಸಾಲ ಕಟ್ಟಲು ಮಾರಿದ ನಾಲ್ಕೆಕರೆ ಅವನ ಪಾಲಿನದು. ನಮಗೆ ಮೇಷ್ಟ್ರ ಸಂಬಳವಿತ್ತು. ಅವನಿಗೆ ಹೊಲ ಬಿಟ್ಟರೆ ಬೇರೇನಿರಲಿಲ್ಲ. ಅವನು ಹೆಂಡತಿ ಮಕ್ಕಳೊಡನೆ ಬೆಂಗಳೂರಿಗೆ ಹೋಗಿ ಕಾವಲುಗಾರನಾದ. ಅವನ ಮೊಮ್ಮಗನೇ ನಮ್ಮ ಪಡಸಾಲೆಯಲ್ಲಿ ಕುಳಿತು ಇಂಜಿನಿನ ಮೇಲೆ ಇಂಜಿನು ಸಿಕ್ಕಿಸುತ್ತಿದ್ದ ಹುಡುಗ. 'ಇನ್ನೊಂದು ಇಂಜಿನು' ಎಂದು ಅವನು ಹೇಳಿದಾಗಲೆಲ್ಲ ನಮಗೆ 'ಇನ್ನೂ ನೂರಡಿ' ಎಂಬ ನಮ್ಮದೇ ದನಿ ಕೇಳಿಸುತ್ತಿತ್ತು. ಹುಡುಗನಿಗೆ ಬುದ್ಧಿ ಹೇಳಲು ತೆರೆದ ಬಾಯಿ ಅಲ್ಲಿಗೇ ಮುಚ್ಚಿತು. ಮರಳಿಸುವ ಗುಂಡಿ ನಮ್ಮ ಕಾಲದಲ್ಲಿರಲಿಲ್ಲ. ಆದರೂ ಅದು ಇದೆಯೆಂಬಂತೆ ನಡೆದುಕೊಂಡವರು ನಾವು. ಸೋತಾಗ ನೆಲದೊಳಗೆ ನೀರೆಷ್ಟಿದೆಯೆಂದು ಕೇಳಲಿಲ್ಲ; ಒಳಗೆ ಕೂತವನು ಯಾರೆಂದೂ ನೋಡಲಿಲ್ಲ.

ಇನ್ನು ಆ ಹಸಿರು ಜೀವಿಯ ವಿಚಾರ. ಅದಕ್ಕೆ ನೋವಿಲ್ಲ, ಪ್ರಾಣವಿಲ್ಲ. ಅದು ಪರದೆಯ ಮೇಲಿನ ಬಣ್ಣ. ಅದು ಸಿಡಿದಾಗ ನಕ್ಕರೆ ಪಾಪವೇ? ಪ್ರಾಣಿಗಳ ವಿಷಯದಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಒಂದು ವಾದ ಹೂಡಿದ್ದಾನೆ. ಪ್ರಾಣಿಗಳ ವಿಷಯದಲ್ಲಿ ನಮಗೆ ನೇರವಾದ ಕರ್ತವ್ಯವಿಲ್ಲವಾದರೂ ಅವನ್ನು ಹಿಂಸಿಸುವವನು ಮನುಷ್ಯರೊಡನೆಯೂ ಕಠಿಣನಾಗುತ್ತಾನೆ, ಆದ್ದರಿಂದ ಹಿಂಸೆ ಕೂಡದು ಎಂಬುದು ಅದರ ಸಾರ. ಪ್ರಾಣಿಗಳ ಮಟ್ಟಿಗೆ ಈ ವಾದ ಸಾಲದು. ನೋಯುವ ಜೀವಕ್ಕೆ ತನ್ನದೇ ಹಕ್ಕಿದೆ. ನೋಯದ ಬೊಂಬೆಯ ಮಟ್ಟಿಗೆ ಮಾತ್ರ ಇದು ಯೋಚಿಸತಕ್ಕದ್ದು. ನಮ್ಮ ಬಯಲಾಟದಲ್ಲಿ ಬೆಳಗಿನ ಜಾವ ಅಭಿಮನ್ಯು ಬಿದ್ದಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಎರಡು ತಾಸಿನ ಮೇಲೆ ಅದೇ ಅಭಿಮನ್ಯು ಮುಖದ ಬಣ್ಣ ತೊಳೆದು ಚಹಾ ಅಂಗಡಿಯ ಮುಂದೆ ನಿಂತಿರುತ್ತಾನೆಂದು ಅವರಿಗೆ ಗೊತ್ತು. ಸಾವು ಸುಳ್ಳೆಂದು ತಿಳಿದಿದ್ದೂ ಮನಸ್ಸು ಕರಗಬಲ್ಲದು. ಹಾಗಾದರೆ ಆ ಜೀವಿಯ ಸಾವು ಸುಳ್ಳೆಂಬುದೊಂದೇ ಹುಡುಗನ ನಗೆಗೆ ಸಮಾಧಾನವಾಗಲಾರದು ಎಂದು ನಮಗನಿಸಿತ್ತು.

ನಮ್ಮ ಈ ಅನಿಸಿಕೆಗೆ ಹುಡುಗನೇ ಉತ್ತರ ಕೊಟ್ಟ. ರಜೆಯ ಎರಡನೆಯ ವಾರ ಅವನ ವಿಮಾನವೊಂದು ಗಾಳಿಯ ಹೊದಿಕೆಯನ್ನು ದಾಟಿ ಕಕ್ಷೆ ಸೇರಿತು. ಸೇರಿದ ಮೇಲೆ ತಿಳಿಯಿತು, ಇಳಿಯಲು ಇಂಧನವಿಲ್ಲವೆಂದು. ಅದನ್ನು ಹಾಗೆಯೇ ಬಿಟ್ಟು ಅವನು ಬೇರೆ ವಿಮಾನ ಕಟ್ಟಲು ಹೋಗಿದ್ದ. ಮರಳಿಸುವ ಅವಕಾಶವೂ ದಾಟಿತ್ತು. ಕಕ್ಷೆಯಲ್ಲಿರುವ ವಿಮಾನವನ್ನು ಪಟ್ಟಿಯಿಂದಲೇ ಅಳಿಸಿಹಾಕುವ ದಾರಿ ಆಟದಲ್ಲಿದೆ. ಆ ಲೋಕದಲ್ಲಿ ಹಸಿವು ಬಾಯಾರಿಕೆಗಳೂ ಇಲ್ಲ. ಒಳಗಿನ ಕೆರ್ಬಲ್ ಎಷ್ಟು ವರ್ಷ ಸುತ್ತಿದರೂ ಸಾಯುವುದಿಲ್ಲ. ಆದರೂ ಮೂರನೆಯ ದಿನ ಹುಡುಗ, "ಪಾಪ, ಮೇಲೆ ಒಬ್ಬನೇ ಇದಾನೆ ದೊಡ್ಡತಾತ" ಎಂದ. ಅನಂತರದ ಮೂರು ಸಂಜೆ ಅವನನ್ನು ಇಳಿಸಿಕೊಳ್ಳುವುದಕ್ಕೇ ಸಂದವು. ಎರಡು ಸೀಟಿನ ವಿಮಾನ ಕಟ್ಟಬೇಕಾಯಿತು. ಮುಂದೆ ಹೋಗುತ್ತಿರುವವನನ್ನು ಹಿಡಿಯಬೇಕಾದರೆ ಓಡಬಾರದು, ವೇಗ ತಗ್ಗಿಸಿ ಕೆಳಗಿನ ಕಕ್ಷೆಗೆ ಇಳಿಯಬೇಕು, ಕೆಳಗಿನ ಸುತ್ತು ಬೇಗ ಮುಗಿಯುತ್ತದೆ ಎಂಬುದನ್ನು ಕಲಿಯಬೇಕಾಯಿತು. ಇನ್ನೊಂದು ಇಂಜಿನಿನ ಮಾತು ಆ ಮೂರು ದಿನ ಬರಲಿಲ್ಲ. ಮೊದಲ ಬಾರಿಗೆ ಅವನು ಬರಿದಾದ ಟ್ಯಾಂಕುಗಳ ಲೆಕ್ಕ ಹಾಕಿದ. ಈ ಆಟವನ್ನಾಡುವವರಲ್ಲಿ ಇಂಥ ಬಿಡುಗಡೆಯ ಯಾತ್ರೆಗಳು ಬಹಳ ಸಾಮಾನ್ಯವಂತೆ.

ಯಾರೂ ಕೇಳದ, ಯಾರಿಗೂ ಉಪಯೋಗವಿಲ್ಲದ ಈ ಕೆಲಸವನ್ನು ಅವನು ಏಕೆ ಮಾಡಿದ? ನಮಗೆ ತೋರುವ ಉತ್ತರ ಹೀಗಿದೆ: 'ನಾನು ಕಳಿಸಿದೆ, ನಾನೇ ತರಬೇಕು' ಎಂಬ ನಿಯಮವನ್ನು ಅವನು ತನಗೆ ತಾನೇ ವಿಧಿಸಿಕೊಂಡ. ದಂಡದ ಭಯವಿರುವ ಕಡೆ ಮಾಡುವುದು ವಿಧೇಯತೆ. ಅದು ಇಲ್ಲದ ಕಡೆಯೂ ಮಾಡುವುದು ಧರ್ಮ. ನಮ್ಮ ಮನೆಗಳಲ್ಲಿ ವ್ರತವೆಂಬುದು ಇದೇ. ಅಡುಗೆಮನೆಯಲ್ಲಿ ಅನ್ನವಿದ್ದೂ ಉಣ್ಣದಿರುವುದು ವ್ರತ. ಅನ್ನವಿಲ್ಲದವನ ಹಸಿವು ವ್ರತವಲ್ಲ. ಮರಳಿಸುವ ಅವಕಾಶವನ್ನು ಸೆಟ್ಟಿಂಗಿನಲ್ಲಿ ತಾವೇ ಮುಚ್ಚಿಕೊಂಡು ಆಡುವವರೂ ಇದ್ದಾರೆ. ಗುಂಡಿ ಇದ್ದುದರಿಂದಲೇ ಅದನ್ನು ಬಿಡುವುದಕ್ಕೆ ಅರ್ಥ ಬಂದಿತು. ಆದ್ದರಿಂದ ಬೆಲೆಯಿಲ್ಲದ ಲೋಕದಲ್ಲಿ ಹೊಣೆ ಹುಟ್ಟಲಾರದೆಂಬ ನಮ್ಮ ಮೊದಲ ಸಂಶಯವನ್ನು ನಾವು ಹಿಂತೆಗೆದುಕೊಳ್ಳುತ್ತೇವೆ. ಅಲ್ಲಿ ಅದು ತಾನಾಗಿ ಹುಟ್ಟುವುದಿಲ್ಲವೆಂಬುದು ಮಾತ್ರ ನಿಜ.

ಆಟಕ್ಕೂ ಬಾಳಿಗೂ ನಡುವಣ ಒಂದು ಒಳ್ಳೆಯ ಮಾದರಿ ನಮ್ಮ ಗಡಿಗೆ ಸಮೀಪದಲ್ಲೇ ಇದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾ ಕ್ಷೇತ್ರದಲ್ಲಿ ಇಸ್ರೋ ಸಂಸ್ಥೆಯು ರೆಕ್ಕೆಯುಳ್ಳ ಮರುಬಳಕೆಯ ನೌಕೆಯೊಂದನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಕಳಚಿಬಿಟ್ಟು, ಅದು ತಾನೇ ದಾರಿ ಹುಡುಕಿ ರನ್‌ವೇಗೆ ಇಳಿಯುವಂತೆ ಮಾಡಿತು. ಒಳಗೆ ಮನುಷ್ಯರಿಲ್ಲ. 2023ರ ಏಪ್ರಿಲ್ 2ರಂದು ಮೊದಲನೆಯ ಸಲ ನೇರ ದಾರಿಯಲ್ಲಿ ಬಿಟ್ಟರು. 2024ರ ಮಾರ್ಚ್ 22ರಂದು ಬೇಕೆಂದೇ 150 ಮೀಟರು ಪಕ್ಕಕ್ಕೆ ಸರಿಸಿ ಬಿಟ್ಟರು. ಅದೇ ವರ್ಷದ ಜೂನ್ 23ರಂದು 500 ಮೀಟರು ಸರಿಸಿ, ಗಾಳಿಯೂ ಹೆಚ್ಚಿದ್ದಾಗ ಬಿಟ್ಟರು. ಮೂರು ಸಲವೂ ಅದು ಇಳಿಯಿತು. ತಪ್ಪನ್ನು ತಾವೇ ಅಳತೆಮಾಡಿ ಬಡಿಸಿಕೊಂಡು, ಒಂದೊಂದು ತುತ್ತಾಗಿ ಅರಗಿಸಿಕೊಳ್ಳುವ ವಿಧಾನವಿದು. ಅದರೊಳಗೆ ಎಂದೋ ಒಂದು ದಿನ ಮನುಷ್ಯ ಕೂತಾನು. ಅವನ ಪಾಲಿನ ತಪ್ಪುಗಳನ್ನು ಇಂದೇ ತೀರಿಸುವ ಪ್ರಯತ್ನ ಅಲ್ಲಿದೆ.

ರಜೆ ಮುಗಿಯುವ ಮುನ್ನ ಹುಡುಗನೊಡನೆ ಒಂದು ಒಪ್ಪಂದ ಮಾಡಿಕೊಂಡೆವು. ಗುಂಡಿ ಒತ್ತುವುದಕ್ಕೆ ನಮ್ಮ ಅಡ್ಡಿಯಿಲ್ಲ. ಒತ್ತುವ ಮೊದಲು ಬಿದ್ದುದೇಕೆಂದು ಒಂದು ಸಾಲು ಬರೆಯಬೇಕು, ಕನ್ನಡದಲ್ಲಿ. ಅವನು ಓದುವುದು ಇಂಗ್ಲಿಷಿನಲ್ಲಿ. ಮೊದಮೊದಲು ಪದಗಳು ಸಿಗಲಿಲ್ಲ. 'ತೂಕದ ನಡು', 'ಎತ್ತುವ ಬಲ' ಎಂಬ ಪದಗಳು ಹೀಗೆ ನಮ್ಮ ಪಡಸಾಲೆಯಲ್ಲಿ ಹುಟ್ಟಿದವು. ಗಡಿಯಾಚೆ ಕುಳಿತ ನಮ್ಮಂಥವರಿಗೆ ಇನ್ನೊಂದು ಮಾತನ್ನೂ ಇದು ನೆನಪಿಸಿತು. ಮನೆಯೊಳಗಿನ ನುಡಿ ಒಂದು ತಲೆಮಾರಿನಲ್ಲಿ ನಿಂತರೆ ಅದನ್ನು ರನ್‌ವೇಯ ತಲೆಗೆ ಮರಳಿ ತಂದು ನಿಲ್ಲಿಸುವ ಗುಂಡಿ ಯಾವ ಸರಕಾರದ ಬಳಿಯೂ ಇಲ್ಲ, ಯಾವ ಸಂಘದ ಬಳಿಯೂ ಇಲ್ಲ.

ದೀಪಾವಳಿಗೆ ತಮ್ಮನಿಗೆ ಫೋನು ಮಾಡಿದೆವು. ನಾಲ್ಕನೆಯ ಬಾವಿಯ ಮಾತನ್ನು ಇಪ್ಪತ್ತೆರಡು ವರ್ಷಗಳ ಮೇಲೆ ಮೊದಲ ಬಾರಿಗೆ ನಾವೇ ಎತ್ತಿದೆವು. ತಪ್ಪು ನಮ್ಮದೆಂದು ಹೇಳಿದೆವು. ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. "ಈಗ ಅದರ ಮಾತು ಯಾಕಣ್ಣಾ" ಎಂದ. ಆಮೇಲೆ, ಮೊಮ್ಮಗ ನೋಟುಬುಕ್ಕು ತೋರಿಸಿದನೆಂದೂ, ಅದರಲ್ಲಿ ತನಗೂ ತಿಳಿಯುವಂತೆ ಬರೆದಿದ್ದಾನೆಂದೂ ಹೇಳಿದ. ಹೊಲ ಮರಳಿ ಬರಲಿಲ್ಲ. ಬಿದ್ದುದೇಕೆಂಬ ಒಂದು ಸಾಲನ್ನು ಮಾತ್ರ, ತಡವಾಗಿಯಾದರೂ, ನಾವೂ ಬರೆದಂತಾಯಿತು.